ಎದುರುಬದುರಿನ ಇಬ್ಬರು ಕ್ಷೌರಿಕರು

ಊರಿನ ಶಾಲೆಯ ಮೇಷ್ಟ್ರು ಮೊದಲ ಸಲ ಕ್ಷೌರದಂಗಡಿಗೆ ಹೋದ ದಿನ ಅಲ್ಲಿನ ಕ್ಷೌರಿಕ ಎದುರಂಗಡಿಯ ಪೈಪೋಟಿಗಾರನ ಮುಂದೆ ತಲೆ ಬಗ್ಗಿಸಿ ಕುಳಿತಿದ್ದ. ಗಿರಾಕಿಗಳಿಗಾಗಿ ಕಿತ್ತಾಡುವ ಇಬ್ಬರೂ ತಲೆ ಬೋಳಿಸಿಕೊಳ್ಳುತ್ತಿದ್ದುದು ಮಾತ್ರ ಒಬ್ಬರ ಕೈಯಲ್ಲಿ ಇನ್ನೊಬ್ಬರು.

ಪೈಪೋಟಿಗಾರ ಕತ್ತಿ ನಿಲ್ಲಿಸಿದ. “ಅಣ್ಣಾ, ನೆತ್ತಿ ಮೇಲಿನ ಈ ಕೆಂಪು ಗಂಟು ಬೆಳೀತಾನೇ ಇದೆ. ಡಾಕ್ಟರಿಗೆ ತೋರಿಸು.”

“ನಿನ್ನ ಕತ್ತಿ ಮೊಂಡಾದ್ರೆ ನನ್ನ ತಲೆನ ಯಾಕೋ ದೂರ್ತೀಯ?”

ಆದರೂ ಹೋದ. ಹಿಂದೆಂದೋ ಕ್ಯಾನ್ಸರಿಗೆ ಒಂದು ಮೂತ್ರಪಿಂಡ ತೆಗೆಸಿಕೊಂಡು, ಪೀಡೆ ತೊಲಗಿತೆಂದು ನಂಬಿದ್ದ. ಅದೇ ಕ್ಯಾನ್ಸರ್ ಚರ್ಮಕ್ಕೆ ಹರಡಿತ್ತು. ಒಡಲಾಳದ ರೋಗ ನೆತ್ತಿಗೇರಿ ಮುಖ ತೋರಿಸಿದ್ದೂ, ಪೈಪೋಟಿಗಾರನ ಬೆರಳೇ ಅದನ್ನು ಕಂಡುಹಿಡಿದದ್ದೂ ಮೇಷ್ಟ್ರಿಗೆ ಇಂದಿಗೂ ಬೆರಗು.

ಔಷಧಿಗೆ ಗಂಟು ಕುಗ್ಗಿದೆ. ಈಗ ಕ್ಷೌರಿಕ ಬೆಳಿಗ್ಗೆ ಮಾತ್ರ ಕತ್ತರಿ ಹಿಡಿಯುತ್ತಾನೆ. ಸುಸ್ತಾದರೆ ಎದುರಂಗಡಿಯವನು ಬಂದು ಇವನ ಗಿರಾಕಿಗಳ ಕೆಲಸ ಮುಗಿಸುತ್ತಾನೆ. ಇವನು ಬೆಂಚಿನ ಮೇಲೆ ಮಲಗಿ ಅದರಲ್ಲಿ ತಪ್ಪು ಹುಡುಕುತ್ತಾನೆ.