ಕಣದ ಕತ್ತಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಲೈನ್‌ಮನ್ ದೀಪ ಕಟ್ಟಲು ಬಂದದ್ದು ಶೇಂಗಾ ಕಿತ್ತ ಮೇಲೋ ಅದಕ್ಕೂ ಮೊದಲೋ, ಖಚಿತವಿಲ್ಲ. ಚಿಕ್ಕಂದಿನಲ್ಲಿ ದೊಡ್ಡವ್ವನ ಮನೆಯ ಹಿಂದಿನ ಕಣದಲ್ಲಿ ಮಲಗಿ ಆಕಾಶಗಂಗೆ ನೋಡಿದ್ದೆ ಎಂದು ಎಲ್ಲರಿಗೂ ಹೇಳುತ್ತಿರುತ್ತೇನೆ. ಯೂನಿವರ್ಸಿಟಿಯಲ್ಲಿ ಓದುವಾಗ ಕಂಡ ಫೋಟೊಗಳು ಆ ನೆನಪಿನೊಳಗೆ ಎಷ್ಟು ಬೆರೆತಿವೆಯೋ ತಿಳಿಯದು. ಆದರೆ ಕತ್ತಲು ಇತ್ತು. ಅದರಲ್ಲಿ ನನಗೆ ಅನುಮಾನವಿಲ್ಲ.

ನಾಯಕನಹಟ್ಟಿಯಿಂದ ಆಚೆಗಿರುವ ಆ ಊರಿನಲ್ಲಿ ಗಂಡಸರಿಗೆ ಅರಳಿಕಟ್ಟೆ ಇದೆ, ಹೋಟೆಲ್ ಇದೆ. ಹೆಂಗಸರಿಗೆ ಇದ್ದದ್ದು ಊಟವಾದ ಮೇಲಿನ ಕಣ ಒಂದೇ. ಅಲ್ಲಿ ಸೆರಗು ಜಾರಿದರೆ ಯಾರೂ ನೋಡುವುದಿಲ್ಲ. ಕಾಲು ಚಾಚಿ, ಅಂಗಾತ ಮಲಗಿ, ಮನೆಯ ಗಂಡಸರ ಮಾತನ್ನು ಅಣಕಿಸಿ ನಗಬಹುದು. ಕಟ್ಟೆಯ ಮೇಲಿನವರಿಗೆ ಏನೂ ಕಾಣದು. ನಮಗೆ ಮೇಲೆ ಅಷ್ಟೂ ಚುಕ್ಕಿ. ಕುದಾಪುರದ ಕಡೆ ಸಂಶೋಧನಾ ಕೇಂದ್ರಗಳು ಬಂದ ಮೇಲೆ ದಿಗಂತದ ಒಂದು ಅಂಚು ಬಿಳಿಚಿಕೊಂಡಿತ್ತು. ಉಳಿದದ್ದು ನಮ್ಮದೇ ಆಗಿತ್ತು, ಕಣದ ಪಕ್ಕದ ಕಂಬಕ್ಕೆ ಪಂಚಾಯ್ತಿಯವರು ಎಲ್‌ಇಡಿ ದೀಪ ಹಾಕಿಸುವವರೆಗೆ.

ದೊಡ್ಡವ್ವ ಲೈನ್‌ಮನ್‌ನನ್ನು ಕೂಗಿ ಕರೆದಳು. "ಆ ದೀಪ ಒಂಚೂರು ದೊಡ್ಡದು ಮಾಡಪ್ಪ, ಪುಣ್ಯ ಬರ್ತೈತೆ."

ನಮ್ಮ ಮನೆಯಲ್ಲಿ ದೀಪವನ್ನು ಆರಿಸು ಎನ್ನುವಂತಿಲ್ಲ, ಅದು ಕೆಟ್ಟ ಮಾತು. ಆರಿಸು ಎನ್ನುವುದಕ್ಕೇ ದೊಡ್ಡದು ಮಾಡು ಎನ್ನುತ್ತೇವೆ. ಅವನು ಬೇರೆ ಕಡೆಯಿಂದ ಹೊಸದಾಗಿ ಬಂದವನು. ಕೆಲವು ದಿನ ಬಿಟ್ಟು ಇನ್ನೂ ಜೋರು ಬೆಳಕಿನ ದೀಪ ತಂದು ಕಟ್ಟಿದ. "ನೀವು ಕೇಳ್ದಂಗೆ ದೊಡ್ಡದೇ ಹಾಕಿದೀನಿ ಅಜ್ಜಿ."

ದೊಡ್ಡವ್ವನ ಸೊಸೆ, ನನ್ನ ಅತ್ತಿಗೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳಂತೆ. "ಇನ್ನೊಂದ್ಸಲ ಕೇಳ್ಬ್ಯಾಡ್ರಿ ಅತ್ತೆ, ಸೂರ್ಯನ್ನೇ ತಂದು ಕಟ್ಯಾನು."

ನಾನು ಚಳ್ಳಕೆರೆಯಿಂದ ರಜೆಗೆ ಹೋದಾಗ ಕಣ ಖಾಲಿಯಿತ್ತು. ಹೆಂಗಸರೆಲ್ಲ ಒಳಗೆ ಟಿವಿ ಮುಂದೆ ಕೂತಿದ್ದರು. ಮರುದಿನ ದೊಡ್ಡವ್ವನನ್ನು ಕರೆದುಕೊಂಡು ಪಂಚಾಯ್ತಿಗೆ ಹೋದೆ. ನಮ್ಮ ಕೇರಿಯ ಮೆಂಬರ್ ನಕ್ಕ.

"ಬೆಳಕಿಲ್ಲ ಅಂತ ಜಗಳಕ್ಕೆ ಬರ್ತಾರೆ. ಕತ್ಲು ಬೇಕು ಅಂತ ಬಂದೋರು ನೀವೇ ಮೊದ್ಲು ಕಣವ್ವ. ಹೆಣ್ಮಕ್ಳ ಸೇಫ್ಟಿಗೇ ಹಾಕ್ಸಿರೋದು."

"ಯಾರಿಂದ ಸೇಫ್ಟಿ?" ದೊಡ್ಡವ್ವ ಕೇಳಿದಳು. "ಕಟ್ಟೆ ಮ್ಯಾಲೆ ಕುಂತೋರಿಂದ ತಾನೆ? ಅವರ ಮುಖಕ್ಕೆ ಹಾಕು ದೀಪಾನ."

ದಾರಿಗೆ ದೀಪ ಬೇಡವೆಂದು ನಾವು ಹೇಳಿರಲಿಲ್ಲ. ಬಸ್ ಇಳಿದು ಆ ದಾರಿಯಲ್ಲಿ ಒಬ್ಬಳೇ ನಡೆದವಳು ನಾನು. ಆದರೆ ನಮ್ಮ ಆಕಾಶವನ್ನು ಅಳಿಸಿ, ನಮ್ಮನ್ನು ಮಾತ್ರ ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಿ, ಅದಕ್ಕೆ ರಕ್ಷಣೆ ಎಂದು ಹೆಸರಿಟ್ಟರೆ ನಾನು ಒಪ್ಪುವುದಿಲ್ಲ. ಆಗಲೂ ಒಪ್ಪಲಿಲ್ಲ, ಈಗಲೂ ಇಲ್ಲ. ಮೆಂಬರ್ ಬೇಸತ್ತು ಒಪ್ಪುವವರೆಗೆ ಮತ್ತೆ ಮತ್ತೆ ಹೋದೆವು. ಕೊನೆಗೆ ಕಣದ ದೀಪಕ್ಕೆ ಮಾತ್ರ ಬೇರೆ ಸ್ವಿಚ್ ಹಾಕಿಸಿಕೊಂಡೆವು.

ಅಂದು ಊಟವಾದ ಮೇಲೆ ದೊಡ್ಡವ್ವ ಸ್ವಿಚ್ ಒತ್ತಿದಳು.

"ಕರೆಂಟ್ ಹೋಯ್ತೇನ್ಲೇ?" ಕಟ್ಟೆಯಿಂದ ಯಾರೋ ಕೂಗಿದರು.

"ಹೋಗಿಲ್ಲ, ನಾವೇ ಕಳ್ಸಿದೀವಿ," ಎಂದಳು ದೊಡ್ಡವ್ವ.

ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಚಾಪೆ ತಂದರು. ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯಿತು. ಆಮೇಲೆ ಒಂದೊಂದೇ ಚುಕ್ಕಿ ಬಂತು. ಅತ್ತಿಗೆ ಮಾತ್ರ ಬಾಗಿಲಿಂದ ಬೀಳುತ್ತಿದ್ದ ಬೆಳಕಿನ ಪಟ್ಟಿಯಲ್ಲೇ ಕೂತಳು, ಈಚೆ ಬರಲಿಲ್ಲ. ನಾನು ಅವಳ ಹತ್ತಿರ ಸರಿದು ಮೆಲ್ಲಗೆ ಕೇಳಿದೆ.

"ಅತ್ತಿಗೆ, ಈ ಕತ್ಲು ನಿಮ್ಗೂ ಬೇಕಿತ್ತಾ, ಇಲ್ಲಾ ನಮ್ ಸಲುವಾಗಿ ಕೂತಿದೀರಾ?"

ಅವಳು ಎದ್ದು ಒಳಗೆ ಹೋಗಿ, ನೀರಿನ ಚೊಂಬು ತಂದು ನನ್ನ ಪಕ್ಕದಲ್ಲಿ ಇಟ್ಟಳು. ತಾನು ಮತ್ತೆ ಆ ಬೆಳಕಿನ ಪಟ್ಟಿಯಲ್ಲೇ ಕೂತಳು.