ಆಕಾಶದಲ್ಲಿ ನಿಂತುಹೋದ ವಿಮಾನ

ಬಸ್ಸಿನ ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಆಮೇಲೆ ಪಕ್ಕದವನನ್ನೂ ಕೇಳಿ ಕೂರುವ ಜಾತಿಯವನು ನಾನು. ಅಂಥವನ ಮನೆಗೆ ಹನಿ ನೀರಾವರಿಯ ಪೈಪು ಮಾರುವ ಕಂಪನಿಯವರು ಬಂದು, ಕಬ್ಬು ಬೆಳೆಯುವವರನ್ನು ವಿಮಾನದಲ್ಲಿ ಪುಣೆಗೆ ಕರೆದೊಯ್ದು ತೋಟ ತೋರಿಸುತ್ತೇವೆ, ನಿಮ್ಮ ಮನೆಯಿಂದ ಒಬ್ಬರು ಬನ್ನಿ, ಖರ್ಚೆಲ್ಲ ನಮ್ಮದು ಅಂದರು. ಯಾರಾದರೂ ಸುಮ್ಮನೆ ವಿಮಾನ ಹತ್ತಿಸುತ್ತಾರೆಯೇ?

ಬರುವುದಿಲ್ಲ ಎಂದುಬಿಡಬಹುದಿತ್ತು. ಆದರೆ ನಾನು ಬಿಟ್ಟರೆ ಆ ಜಾಗ ಎದುರು ಮನೆಯ ದಾಯಾದಿ ಅಣ್ಣನ ಪಾಲಾಗುತ್ತಿತ್ತು. ಅವನು ಮೇಲೆ ಹಾರಿ ಬಂದು ನಮ್ಮೂರು ಹೊನ್ನೂರಿನ ತುಂಬ ಹೇಳಿಕೊಂಡು ತಿರುಗುವುದನ್ನು ನೆನೆದರೇ ನನಗೆ ಅನ್ನ ಸೇರುತ್ತಿರಲಿಲ್ಲ. ಹೋಗಲು ಹೆದರಿಕೆ, ಬಿಡಲು ಹೊಟ್ಟೆಯುರಿ.

ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ನನ್ನ ಹೆಂಡತಿಯ ತಮ್ಮ ಇದಕ್ಕೊಂದು ಮದ್ದು ಹೇಳಿದ. ಹನೂರಿನ ಗೆಳೆಯನೊಬ್ಬ ಅವನಿಗೆ ವಿಮಾನ ಓಡಿಸುವ ಆಟದ ಸಿ.ಡಿ. ಕೊಟ್ಟಿದ್ದನಂತೆ. "ಆಟ ಅಂದ್ರೆ ಆಟ ಅಲ್ಲ ಭಾವ, ಎಲ್ಲಾ ನಿಜುದ್ ಲೆಕ್ಕನೇ. ಒಂದ್ಸಲ ಓಡ್ಸಿ, ಬಯ ಓಯ್ತದೆ."

ಹೋದೆ. ಪರದೆಯ ಮೇಲೆ ಗಡಿಯಾರಗಳ ಸಾಲು, ಅದರಾಚೆ ಉದ್ದನೆಯ ರಸ್ತೆ. ವಿಮಾನ ಓಡಿತು. ಮೇಲೇಳಬೇಕು ಅಂದಾಗ ನಾನು ಮೇಲಿನ ಬಾಣದ ಗುಂಡಿ ಒತ್ತಿದೆ. ಅದು ಮೂತಿಯನ್ನು ನೆಲಕ್ಕೆ ಕುಟ್ಟಿತು.

"ಕೆಳಗಿನ್ ಬಾಣ ಒತ್ಬೇಕು ಭಾವ."

"ಮ್ಯಾಕ್ ಓಗಕೆ ಕೆಳುಕ್ ಒತ್ತದಾ? ಯಾವನ್ಲಾ ಏಳ್ಕೊಟ್ಟೋನು ನಿಂಗೆ?"

ಎಷ್ಟು ಸಲ ಕೂತರೂ ಬೀಳುವುದೇ ಆಯಿತು. ಎದ್ದು ಬರುವಾಗ ಮೇಜಿನ ಮೇಲೆ ದಾಯಾದಿ ಅಣ್ಣನ ಫೋಟೋ ಅಂಟಿಸಿದ ಅರ್ಜಿ ಕಂಡಿತು. ಟೈಪ್ ಮಾಡಿಸಲು ಬಂದಿದ್ದರು ಅಂದ ಭಾವಮೈದ. ನನ್ನ ತಲೆಯೊಳಗೆ ಹುಳ ಬಿಟ್ಟಂತಾಯಿತು. ಇವರಿಬ್ಬರೂ ಸೇರಿ ನನ್ನನ್ನು ಹೆದರಿಸಿ ಕೂರಿಸಲು ನೋಡುತ್ತಿದ್ದಾರೋ ಹೇಗೆ?

ಮನೆಗೆ ಬಂದು ಯೋಚಿಸಿದಾಗ ಇನ್ನೊಂದೂ ಹೊಳೆಯಿತು. ನಮ್ಮಲ್ಲಿ ವಿಭೂತಿ ಬಳಿಯದೆ ಹೊಸ ಸೈಕಲ್ಲನ್ನೂ ತುಳಿಯುವುದಿಲ್ಲ. ನಾನು ವಿಮಾನವನ್ನೇ ಹಾಗೆ ಓಡಿಸಿಬಿಟ್ಟಿದ್ದೆ. ಮುಂದಿನ ವಾರ ವಿಭೂತಿ ಗಟ್ಟಿ, ಹೂವು, ಜೊತೆಗೆ ಹೆಂಡತಿಯನ್ನೂ ಕರೆದುಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ. ಅಕ್ಕ ತಮ್ಮ ಹೊರಗೆ ಮಾತಾಡುತ್ತಿದ್ದಾಗ ನಾನು ಒಳಗೆ ಪೂಜೆ ಮುಗಿಸಿದೆ. ಪರದೆಗೆ, ಪೆಟ್ಟಿಗೆಗೆ, ಗುಂಡಿಗಳ ಹಲಗೆಗೆ ಮೂರು ಬೆರಳಿನ ಪಟ್ಟೆ. ವಿಮಾನವಿರುವುದು ಸಿ.ಡಿ.ಯಲ್ಲಿ ತಾನೆ, ಅದಕ್ಕೂ ಎಳೆದೆ. ಒಂದು ಬದಿಯಲ್ಲಿ ಚಿತ್ರವಿತ್ತು. ಅದನ್ನು ಕೆಡಿಸುವುದೇಕೆಂದು ಕನ್ನಡಿಯಂತೆ ಹೊಳೆಯುವ ಇನ್ನೊಂದು ಬದಿಗೆ ಬಳಿದು, ಒಣಗಿದ ಮೇಲೆ ನಾನೇ ಪೆಟ್ಟಿಗೆಯ ತಟ್ಟೆಯೊಳಗಿಟ್ಟು ತಳ್ಳಿದೆ.

ಅಕ್ಕ ತಮ್ಮ ಒಳಗೆ ಬಂದು ನನ್ನ ಹಿಂದೆ ನಿಂತರು. ಈ ಸಲ ವಿಮಾನ ಎದ್ದಿತು! ಕೆಳಗೆ ಗದ್ದೆಗಳು, ನೀರು. ನನ್ನ ಎದೆಯೂ ಅದರ ಜೊತೆಗೇ ಏರಿತ್ತು. ಅಷ್ಟರಲ್ಲಿ ಪೆಟ್ಟಿಗೆ ಕರಕರ ಸದ್ದು ಮಾಡಿತು. ವಿಮಾನ ನಡು ಆಕಾಶದಲ್ಲಿ ನಿಂತೇಬಿಟ್ಟಿತು. ಯಾವ ಗುಂಡಿ ಒತ್ತಿದರೂ ಅಲ್ಲಾಡಲಿಲ್ಲ.

"ನೋಡ್ದಾ? ನಿಂತ್ಕಬುಡ್ತು! ಅಲ್ಲಿ ನಿಂತ್ರೆ ಇಳುದ್ ತಳ್ಳೋರ್ ಯಾರ್ಲಾ?" ಎಂದು ಕೂಗಿದೆ. ಆ ಸಿಟ್ಟಿನಲ್ಲಿ ಹೊಟ್ಟೆಯಲ್ಲಿದ್ದದ್ದೂ ಹೊರಬಿತ್ತು. "ನೀನೂ ನಮ್ ದಾಯಾದಿನೂ ಒಂದಾಗಿ ಮಾಡ್ಸಿರಾದು ಇದು!"

ಭಾವಮೈದನ ಮುಖ ಸಣ್ಣದಾಯಿತು. ಬಗ್ಗಿ ತಟ್ಟೆ ತೆಗೆದ. ಹೆಂಡತಿ ಸಿ.ಡಿ.ಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಹೊಳೆಯುವ ಬದಿಯಲ್ಲಿ ನನ್ನ ಮೂರು ಪಟ್ಟೆ ಅಚ್ಚುಕಟ್ಟಾಗಿ ಕೂತಿದ್ದವು.

"ಇದ್ಕೆ ಇಬೂತಿ ಬಳ್ದೋರ್ಯಾರು, ನನ್ ತಮ್ಮನಾ?" ಅಂದಳು.

ಸೆರಗಿನಿಂದ ಒರೆಸಿ ತಮ್ಮನ ಕೈಗೆ ಕೊಟ್ಟು, ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನೇ ಕೂತಳು. ಅವನು ಹೇಳಿದ ಗುಂಡಿ ಒತ್ತಿದಳು. ಕೆಳಗಿನ ಬಾಣವೇಕೆಂದು ಕೇಳಲಿಲ್ಲ. ವಿಮಾನ ಎದ್ದಿತು, ವಾಲಿತು, ಸ್ವಲ್ಪ ಹೊತ್ತಿಗೆ ನೀರಿಗೆ ಬಿತ್ತು. ಅವಳು ಬಾಯಿ ತುಂಬ ನಕ್ಕು ಮತ್ತೆ ಶುರು ಮಾಡಿದಳು. ಮದುವೆಯಾಗಿ ಅಷ್ಟು ವರ್ಷವಾದರೂ ಆ ನಗು ನನಗೆ ಹೊಸದು.

ನಾನೋ ಇನ್ನೂ ಬಗ್ಗಲಿಲ್ಲ. ಚೂರು ವಿಭೂತಿಗೆ ನಿಲ್ಲುವ ಗಾಡಿ ಹಕ್ಕಿ ಹಿಕ್ಕೆ ಹಾಕಿದರೆ ಏನಾದೀತು ಎಂದು ವಾದಿಸಿದೆ.

"ನೀವ್ ಓಗ್ಬ್ಯಾಡಿ," ಅಂದಳು ಪರದೆಯಿಂದ ಕಣ್ಣು ಕೀಳದೆ. "ಮನೆಯಿಂದ ಒಬ್ರು ಅಂದವ್ರಲ್ಲ, ನಾನೇ ಓಯ್ತೀನಿ."

ಹೋಗಿಯೇ ಹೋದಳು. ಅವಳನ್ನು ಯಳಂದೂರಿನಲ್ಲಿ ಬಸ್ಸು ಹತ್ತಿಸಿ ಬಂದವನು, ಅವಳು ತಿರುಗಿ ಬರುವವರೆಗೂ ಗದ್ದೆಯಲ್ಲಿ ನಿಂತು ಖಾಲಿ ಆಕಾಶ ನೋಡಿದ್ದೇ ನೋಡಿದ್ದು.

ಬಂದ ಸಂಜೆ ಅವಳ ಮುಖ ಬೇರೆಯೇ ಆಗಿತ್ತು. ಕೈಕಾಲು ತೊಳೆದು ಬಂದವಳ ಎದುರಿಗೆ ಹೋಗಿ ಕೂತೆ.

"ಮೋಡದ್ ಮ್ಯಾಲೆ ಎಂಗಿತ್ತು, ಏಳು," ಅಂದೆ.

ಅವಳ ಕಣ್ಣು ಒಂದು ಗಳಿಗೆ ಅರಳಿತು. ಬಾಯಿ ತೆರೆದಳು. ನನ್ನ ಮುಖ ನೋಡಿ ಸೆರಗಿನಿಂದ ಕೈ ಒರೆಸಿಕೊಂಡಳು.

"ಬುಡಿ, ಏಳುದ್ರೆ ನೀವ್ ನಂಬಾಕಿಲ್ಲ."

ಎದ್ದು ಒಲೆ ಹಚ್ಚಲು ಹೋದಳು. ಅವತ್ತು ನಾನು ನಂಬಬೇಕೆಂದೇ ಕೂತಿದ್ದೆ.