ಒಂದೇ ಸಲ ಓದಬೇಕಾದ ಭಾಗ

ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ನಾನು ಕಿಟಕಿ ಮುಚ್ಚುತ್ತಿದ್ದೆ. ಮಳವಳ್ಳಿಯಲ್ಲಿ ನಮ್ಮ ಮನೆ ಇರುವುದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಖಾಸಗಿ ಬಸ್ಸುಗಳು ಹೊರಡುವ ಮೊದಲು ಎರಡು ಮೂರು ನಿಮಿಷ ಬಿಡದೆ ಹಾರ್ನ್ ಹೊಡೆಯುತ್ತವೆ. ಆ ಸದ್ದು ನನ್ನ ಕೋಣೆಯಿಂದ ಚೀನಾದ ಯಾವುದೋ ಊರಿನ ಹೈಸ್ಕೂಲಿನ ಕಂಪ್ಯೂಟರ್ ಕೋಣೆಗೆ ಹೋಗಬಾರದಿತ್ತು. ಅಲ್ಲಿ ಆಗ ಸಂಜೆ ನಾಲ್ಕು ಗಂಟೆ.

ಎಂ.ಎ. ಮುಗಿಸಿ ಬಂದ ಮೇಲೆ ನಾನು ಹಿಡಿದ ಕೆಲಸ ಇದು. ಚೀನಾದ ಹೈಸ್ಕೂಲು ಮಕ್ಕಳ ಇಂಗ್ಲಿಷ್ ಎಷ್ಟರಮಟ್ಟಿಗಿದೆ ಎಂದು ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೋಡುವುದು. ನಾನು ಕೊಟ್ಟ ಅಂಕದ ಮೇಲೆ ಮುಂದಿನ ಅವಧಿಯಲ್ಲಿ ಆ ಮಗು ಯಾವ ಗುಂಪಿನಲ್ಲಿ ಕೂರಬೇಕು ಎನ್ನುವುದು ತೀರ್ಮಾನವಾಗುತ್ತಿತ್ತು. ಪರೀಕ್ಷೆಯಲ್ಲಿ ಎರಡು ಭಾಗ. ಓದುವ ಭಾಗದಲ್ಲಿ ಪರದೆಯ ಮೇಲೆ ಒಂದು ಪುಟ ಬರುತ್ತದೆ, ಎಂಟು ನಿಮಿಷ, ಆಮೇಲೆ ಪ್ರಶ್ನೆ. ಕೇಳುವ ಭಾಗದಲ್ಲಿ ನಾವು ಕ್ಯಾಮೆರಾ ಆರಿಸಬೇಕು, ತುಟಿ ನೋಡಿ ಮಾತು ಊಹಿಸದಿರಲಿ ಎಂದು. ಆಮೇಲೆ ಒಂದು ಸಣ್ಣ ಭಾಗವನ್ನು ಒಂದೇ ವೇಗದಲ್ಲಿ ಓದಿ ನಾಲ್ಕು ಪ್ರಶ್ನೆ ಕೇಳಬೇಕು. ಓದುವುದು ಒಂದೇ ಸಲ. ಸೂಚನೆಗಳಲ್ಲಿ ದಪ್ಪ ಅಕ್ಷರದಲ್ಲಿದ್ದ ಸಾಲು ಇದೊಂದೇ.

ನನಗೆ ಈ ಕೆಲಸ ಒಗ್ಗಿತು. ಮಕ್ಕಳ ಹೆಸರಿಲ್ಲ, ಸಂಖ್ಯೆ ಮಾತ್ರ. ನನ್ನ ಹೆಸರೂ ಅವರಿಗೆ ಗೊತ್ತಿಲ್ಲ. ಇಪ್ಪತ್ತೈದು ನಿಮಿಷಕ್ಕೆ ಒಂದು ಮುಖ ಬರುತ್ತದೆ, ಹೋಗುತ್ತದೆ. ಹೆಚ್ಚು ಮಾತಾಡುವ ಅಗತ್ಯವಿಲ್ಲದ ಕೆಲಸ ಸಿಕ್ಕಿತೆಂದು ನಾನು ಸಮಾಧಾನಪಟ್ಟಿದ್ದೆ.

ಗೆಳತಿಗೆ ಈ ಕೆಲಸದ ಸುದ್ದಿ ಹೇಳಿದವಳು ನಾನೇ. ಅವಳು ಆತಗೂರು ಕಡೆಯ ಹಳ್ಳಿಯವಳು. ಮಂಡ್ಯದಲ್ಲಿ ಬಿ.ಎ. ಓದುವಾಗ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆವು, ಮೈಸೂರಿನಲ್ಲಿ ಎರಡು ವರ್ಷ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಆಮೇಲೆ ಮದುವೆಯಾಗಿ ಮದ್ದೂರಿಗೆ ಬಂದಳು. ಅತ್ತೆ ಮಾವ ಕೆಟ್ಟವರಲ್ಲ. ಹೊರಗೆ ಹೋಗಿ ದುಡಿಯುವಂಥದ್ದು ಏನಿದೆ ಎಂದು ಕೇಳಿದರು, ಅಷ್ಟೆ. ಎರಡು ವರ್ಷ ಅವಳಿಗೆ ಆ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಮನೆಯಲ್ಲೇ ಕೂತು ಮಾಡುವ ಕೆಲಸ ಎಂದಾಗ ಮಾವ ಒಪ್ಪಿಕೊಂಡರು. ಮಹಡಿಯ ಮೇಲಿನ ಸಣ್ಣ ಕೋಣೆ ಖಾಲಿ ಮಾಡಿಸಿ, ತಮ್ಮ ಹಳೆಯ ಮೇಜನ್ನು ಅಲ್ಲಿಗೆ ಹತ್ತಿಸಿಕೊಟ್ಟರು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದರು. ದಿನಕ್ಕೆ ಮೂರು ಗಂಟೆ ಆ ಕೋಣೆ ಅವಳದು. ಅತ್ತೆಯಂತೂ ತರಕಾರಿಯವಳ ಹತ್ತಿರವೂ ಹೇಳುತ್ತಿದ್ದರಂತೆ: "ನಮ್ಮುಡ್ಗಿ ಚೀನಾದೋರ್ಗೇ ಇಂಗ್ಲಿಸ್ ಪರೀಕ್ಸೆ ಮಾಡ್ತಾಳೆ ಕಣವ್ವ."

ಅವಳ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು. ತೊಂದರೆ ಇದ್ದದ್ದು ಒಂದೇ ವಿಷಯದಲ್ಲಿ. ಅವಳ ಊರಿನಲ್ಲಿ ಒಂದು ಸಲ ಆಡಿದ್ದು ಮಾತೇ ಅಲ್ಲ. ಉಣ್ಣಲು ಒಂದು ಸಲ ಕರೆದರೆ ಯಾರೂ ಏಳುವುದಿಲ್ಲ, ಅದು ಬಾಯಿಮಾತು. ಎರಡನೇ ಸಲ ಕರೆದಾಗ ಬೇಡವೆನ್ನಬೇಕು, ಮೂರನೇ ಸಲಕ್ಕೆ ಕೈ ತೊಳೆಯಬೇಕು. ಹೊರಡುವವರು ಬತ್ತೀನಿ ಎಂದು ಒಂದೇ ಸಲ ಹೇಳಿ ಹೋದರೆ ಏನೋ ಮುನಿಸಿದೆ ಎಂದೇ ಲೆಕ್ಕ. ಹಾಸ್ಟೆಲಿನಲ್ಲಿ ನಾನು ಅವಳ ಮನೆಯ ಕಜ್ಜಾಯವನ್ನು ಮೊದಲ ಸಲ ಬೇಡವೆಂದದ್ದಕ್ಕೆ ಅವಳು ನನ್ನ ತಟ್ಟೆಗೇ ಹಾಕಿಬಿಟ್ಟಿದ್ದಳು. ನಿಜವಾಗಿಯೂ ಬೇಡವಾಗಿತ್ತು ಎಂದು ಅವಳಿಗೆ ನಂಬಿಸಲು ಆಗಲೇ ಇಲ್ಲ.

ಆ ಅಭ್ಯಾಸ ಪರೀಕ್ಷೆಗೂ ಬಂತು. ಮಗು ತಡವರಿಸಿದರೆ ಅವಳು ಇನ್ನೊಂದು ಸಲ ಓದಿಬಿಡುತ್ತಿದ್ದಳು. ನಮ್ಮ ಪರೀಕ್ಷೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ಅವುಗಳಲ್ಲಿ ಕೆಲವನ್ನು ಆರಿಸಿ ತಪಾಸಕರಿಗೆ ಕಳಿಸುತ್ತಿದ್ದರು. ತಪ್ಪು ಸಿಕ್ಕಿದರೆ ಪರೀಕ್ಷಕರ ಹೆಸರಿಗೆ ಒಂದು ಗುರುತು ಬೀಳುತ್ತದೆ, ಆ ಪರೀಕ್ಷೆ ರದ್ದಾಗುತ್ತದೆ. ಮೂರು ಗುರುತು ಬಿದ್ದರೆ ಕೆಲಸ ಇಲ್ಲ. ಎರಡನೆಯದು ಬಿದ್ದ ದಿನ ಅವಳು ನನಗೆ ಫೋನ್ ಮಾಡಿದಳು. ನಗುತ್ತಲೇ ಮಾತು ಶುರು ಮಾಡಿದಳು.

"ಅಲ್ಲ ಕಣೇ, ಮಗ ಕೇಳಿಸ್ಕಳ್ಳಿಲ್ಲ ಅಂದ್ರೆ ಇನ್ನೊಂದ್ಸಲ ಯೋಳೂದ್ ತಪ್ಪಾ? ಒಂದ್ಸಲ ಯೋಳಿ ಬಾಯ್ ಮುಚ್ಕಳಕೆ ನಾನೇನು ಬಸ್ ಕಂಡಕ್ಟ್ರಾ?"

ಕಂಡಕ್ಟರ್ ಕೂಡ ಎರಡು ಸಲ ಕೂಗುತ್ತಾನೆ ಎಂದೆ ನಾನು. ಅವಳು ಇನ್ನಷ್ಟು ನಕ್ಕಳು. ಆಮೇಲೆ, ಈ ಕೆಲಸ ಹೋದರೆ ಮೇಲಿನ ಕೋಣೆಯೂ ಹೋಗುತ್ತದೆ, ಇನ್ನೊಂದು ಸಲ ಯಾರೂ ಮೇಜು ಹತ್ತಿಸಿಕೊಡುವುದಿಲ್ಲ ಎಂದಳು. ಒಂದು ಚೀಟಿಯಲ್ಲಿ 'ಒಂದೇ ಸಲ' ಎಂದು ಬರೆದು ಮೇಜಿನ ಮೇಲೆ ಅಂಟಿಸಿಕೋ ಎಂದು ಹೇಳಿದೆ. ಅಂಟಿಸಿ, ಅದರ ಫೋಟೊ ತೆಗೆದು ನನಗೆ ಕಳಿಸಿದಳು.

ಅವಳಿಗೆ ಗೊತ್ತಿಲ್ಲದಿದ್ದ ಒಂದು ವಿಷಯವಿತ್ತು. ಆ ಫೋನಿಗೆ ಒಂದು ತಿಂಗಳ ಮೊದಲೇ ನನ್ನನ್ನು ತಪಾಸಕಿಯನ್ನಾಗಿ ಮಾಡಿದ್ದರು. ಯಾರಿಗೂ ಹೇಳಬಾರದೆಂಬುದು ಷರತ್ತು. ಷರತ್ತು ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲವೇನೋ. ನನ್ನ ವಿಷಯಗಳನ್ನು ಹೇಳಿಕೊಳ್ಳುವ ರೂಢಿ ನನಗಿಲ್ಲ. ತಪ್ಪು ಬಿಡದೆ ಹಿಡಿಯುವವಳು ಎಂದು ಎರಡೇ ವಾರದಲ್ಲಿ ನನ್ನನ್ನು ಹೊಗಳಿ ಬರೆದಿದ್ದರು. ಆ ಪತ್ರವನ್ನು ನಾನು ಎಷ್ಟೋ ಸಲ ತೆರೆದು ನೋಡಿದ್ದೇನೆ.

ತಪಾಸಣೆಗೆ ಬರುವ ರೆಕಾರ್ಡಿಂಗಿನಲ್ಲಿ ಪರೀಕ್ಷಕರ ಮುಖವಿರುವುದಿಲ್ಲ, ಹೆಸರಿರುವುದಿಲ್ಲ. ಆದರೆ ಒಂದು ಸೋಮವಾರ ನನ್ನ ಪಾಲಿಗೆ ಬಂದ ಮೂರನೆಯ ರೆಕಾರ್ಡಿಂಗಿನಲ್ಲಿ ಮೊದಲ ಪದಕ್ಕೇ ನನಗೆ ಗುರುತು ಸಿಕ್ಕಿತು. "ರೆಡಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಮತ್ತೆ "ರೆಡಿ?" ಎಂದ ದನಿ. ಐದು ವರ್ಷ ಕೇಳಿದ ದನಿ.

ನಾವು ತುಂಬಬೇಕಾದ ಫಾರಮ್ಮಿನಲ್ಲಿ ಹತ್ತು ಪ್ರಶ್ನೆಗಳಿದ್ದವು. ಮೊದಲನೆಯದೇ, ಈ ಪರೀಕ್ಷಕರು ನಿಮಗೆ ಪರಿಚಿತರೇ ಎಂಬುದು. ಹೌದು ಎಂದರೆ ರೆಕಾರ್ಡಿಂಗು ಬೇರೆಯವರ ಬಳಿಗೆ ಹೋಗುತ್ತದೆ. ನಾನು ಇಲ್ಲ ಎಂದು ಗುರುತು ಹಾಕಿದೆ. ಆ ಗಳಿಗೆಯಲ್ಲಿ ಕಾರಣವನ್ನು ನನಗೆ ನಾನೇ ಸರಿಯಾಗಿ ಕೊಟ್ಟುಕೊಂಡಿದ್ದೆ. ಬೇರೆಯವರ ಕೈಗೆ ಸಿಕ್ಕಿದರೆ ಅವಳಿಗೆ ಏನಾಗುತ್ತದೋ, ನಾನೇ ನೋಡುವುದು ಒಳ್ಳೆಯದು. ಅಂದರೆ ಅವಳನ್ನು ಕಾಪಾಡಲೆಂದೇ ಆ ಸುಳ್ಳು ಹಾಕಿದೆ ಎಂದುಕೊಂಡಿದ್ದೆ.

ಎದುರಿಗಿದ್ದದ್ದು ಕನ್ನಡಕ ಹಾಕಿದ, ಹದಿನಾರರ ಆಸುಪಾಸಿನ ಹುಡುಗಿ. ಓದುವ ಭಾಗದಲ್ಲಿ ಒಂದೂ ತಪ್ಪಿಲ್ಲ. ಕೇಳುವ ಭಾಗ ಶುರುವಾಯಿತು. ಒಂದು ಹೂವಿನ ಅಂಗಡಿಯ ವಿಷಯ. ಅಂಗಡಿ ಬೇರೆ ಬೀದಿಗೆ ಹೋಗಿದೆ, ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. 'ಬುಧವಾರ ಮಾತ್ರ' ಎಂದು ನನ್ನ ಗೆಳತಿ ಓದುತ್ತಿದ್ದ ಹಾಗೆ ಆ ಶಾಲೆಯ ಬೆಲ್ ಹೊಡೆಯಿತು. ಉದ್ದನೆಯ ಬೆಲ್. ಅದು ನಿಲ್ಲುವ ಹೊತ್ತಿಗೆ ಗೆಳತಿ ಮುಂದಿನ ಸಾಲಿನಲ್ಲಿದ್ದಳು. ಹುಡುಗಿ ಕೈ ಎತ್ತಿ, ಸಾರಿ ಟೀಚರ್, ಬೆಲ್ ಎಂದಳು.

ಎರಡು ಕ್ಷಣ ಏನೂ ಕೇಳಿಸಲಿಲ್ಲ. ಆಗ ಗೆಳತಿ ತನ್ನ ಮೇಜಿನ ಮೇಲಿನ ಚೀಟಿಯನ್ನು ನೋಡಿರಬೇಕು. ನಿಯಮದಂತೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಸದ್ದಾಯಿತೆಂದು ಬರೆದು ಕಳಿಸಬೇಕಿತ್ತು. ಹಾಗೆ ಮಾಡಿದರೆ ಹುಡುಗಿಗೆ ಮತ್ತೆ ಸರದಿ ಬರುವುದು ಮುಂದಿನ ಅವಧಿಗೆ. ಅದು ನಮಗಿಬ್ಬರಿಗೂ ಗೊತ್ತಿತ್ತು. ಚಿಂತೆಯಿಲ್ಲ, ಇನ್ನೊಂದು ಸಲ ಹೇಳುತ್ತೇನೆ ಎಂದು ಗೆಳತಿ ಇಂಗ್ಲಿಷಿನಲ್ಲಿ ಹೇಳಿ ಆ ಒಂದು ಸಾಲನ್ನು ಮತ್ತೆ ಓದಿದಳು: ಬುಧವಾರ ಮಾತ್ರ ಅಂಗಡಿ ಮಧ್ಯಾಹ್ನದ ಮೇಲೆ ತೆರೆಯುತ್ತದೆ. ಹುಡುಗಿ ನಾಲ್ಕಕ್ಕೆ ನಾಲ್ಕೂ ಸರಿ ಉತ್ತರ ಕೊಟ್ಟಳು. ಮೂರನೆಯ ಪ್ರಶ್ನೆ ಬುಧವಾರದ್ದೇ ಆಗಿತ್ತು.

ಪರೀಕ್ಷೆ ಮುಗಿದ ಮೇಲೂ ಹುಡುಗಿ ಹೋಗಲಿಲ್ಲ. ಇವತ್ತು ಏನು ಊಟ ಮಾಡಿದಿರಿ ಎಂದು ಕೇಳಿದಳು. ಗೆಳತಿ ರಾಗಿಮುದ್ದೆಯನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟು, ಉಂಡೆ, ಕಂದು ಬಣ್ಣ, ಅಗಿಯಬಾರದು, ನುಂಗಬೇಕು ಎಂದದ್ದಕ್ಕೆ ಆ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಎರಡು ಕೈಯನ್ನೂ ಬೀಸಿ ಹೋದಳು.

ನನಗೆ ಯಾವ ಮಗುವೂ ಹಾಗೆ ಕೈ ಬೀಸಿರಲಿಲ್ಲ. ಮುಗಿಯಿತು ಎಂದೊಡನೆ ಅವರ ಚೌಕ ಕಪ್ಪಾಗುತ್ತಿತ್ತು. ಅದು ನನ್ನ ಮನಸ್ಸಿಗೆ ತಾಗಿತ್ತೆಂದು ನಾನು ಒಪ್ಪಿಕೊಂಡದ್ದು ಬಹಳ ತಡವಾಗಿ.

ಏಳನೆಯ ಪ್ರಶ್ನೆ: ಕೇಳುವ ಭಾಗವನ್ನಾಗಲಿ ಅದರ ಯಾವುದೇ ಸಾಲನ್ನಾಗಲಿ ಒಂದಕ್ಕಿಂತ ಹೆಚ್ಚು ಸಲ ಓದಲಾಗಿದೆಯೇ? ಅದರ ಕೆಳಗೆ ಒಂದು ಖಾಲಿ ಚೌಕ, ವಿವರಣೆ ಇದ್ದರೆ ಬರೆಯಲು. ಬೆಲ್ ಹೊಡೆಯಿತು ಎಂದು ಎರಡು ಪದ ಬರೆದಿದ್ದರೆ ಸಾಕಿತ್ತು. ಅಂಥ ವಿವರಣೆ ಇದ್ದ ಕಡೆ ಗುರುತು ಬೀಳದೆ ಎಚ್ಚರಿಕೆಯಲ್ಲೇ ಮುಗಿದದ್ದನ್ನು ನಾನು ಕಂಡಿದ್ದೆ. ಹೌದು ಎಂದು ಹಾಕಿದೆ. ವಿವರಣೆ ಕೊಟ್ಟರೆ, ಇವಳು ಯಾಕೆ ಇಷ್ಟು ವಹಿಸಿಕೊಳ್ಳುತ್ತಾಳೆ ಎಂದು ಯಾರಾದರೂ ಮೊದಲ ಪ್ರಶ್ನೆಯ ಉತ್ತರವನ್ನು ತಿರುಗಿ ನೋಡಬಹುದು ಅನ್ನಿಸಿತು. ಅವಳಿಗಾಗಿ ಹಾಕಿದೆನೆಂದುಕೊಂಡ ಸುಳ್ಳು ಈಗ ನನ್ನನ್ನು ಕಾಯುತ್ತಿತ್ತು. ಚೌಕವನ್ನು ಖಾಲಿ ಬಿಟ್ಟು ಕಳಿಸಿದೆ. ಕಿಟಕಿ ತೆರೆದೆ. ಕೊಳ್ಳೇಗಾಲದ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಗುರುವಾರ ಅವಳ ಫೋನು ಬಂತು. ಹೋಯ್ತು ಕಣೇ ಎಂದಳು. ಯಾಕೆ ಎಂದು ಕೇಳಿದೆ. ಮತ್ತೆ ಎರಡು ಸಲ ಓದಿಬಿಟ್ಟೆ ಎಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಹುಡುಗಿಯ ಪರೀಕ್ಷೆಯೂ ರದ್ದಾಗಿರಬೇಕು, ನಿಯಮ ಹಾಗೆಯೇ ಇದೆ. ಅವಳು ಆಮೇಲೆ ಯಾವ ಗುಂಪಿನಲ್ಲಿ ಕೂತಳೋ ತಿಳಿಯುವ ದಾರಿಯಿಲ್ಲ.

ಎರಡು ತಿಂಗಳ ನಂತರ ನಿಡಘಟ್ಟದಲ್ಲಿ ನಂಟರ ಮನೆಯ ನಾಮಕರಣಕ್ಕೆ ಹೋಗಿ ಬರುವಾಗ ಮದ್ದೂರಿನಲ್ಲಿ ಇಳಿದೆ. ಅವಳು ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡಳು. ಊಟ ಮಾಡು ಎಂದಳು. ಆಗಿದೆ ಎಂದೆ. ಒಂದು ಚೂರು ಮಾಡು ಎಂದಳು. ಮೂರನೇ ಸಲಕ್ಕೆ ತಟ್ಟೆ ಇಟ್ಟೇಬಿಟ್ಟಳು. ಮಾವನ ಹಳೆಯ ಮೇಜು ಕೆಳಗಿಳಿದು ಅಡುಗೆಮನೆಯ ಬಾಗಿಲ ಪಕ್ಕದಲ್ಲಿತ್ತು, ಅದರ ಮೇಲೆ ಮಿಕ್ಸಿ. ಮಿಕ್ಸಿಯ ಪಕ್ಕದಲ್ಲಿ ಆ ಚೀಟಿ ಇನ್ನೂ ಅಂಟಿಕೊಂಡಿತ್ತು. ಮೂಲೆಯೊಂದು ಎದ್ದು, ಅದರ ಮೇಲೆ ಚಟ್ನಿ ಒಣಗಿತ್ತು. ಮೇಲಿನ ಕೋಣೆಗೆ ಭತ್ತದ ಮೂಟೆ ಹಾಕಿದ್ದಾರಂತೆ. ಕೇಳದಿದ್ದರೂ ಹೇಳಿದಳು.

ಅತ್ತೆ ಹಿತ್ತಲಿಗೆ ಹೋದಾಗ ಅವಳು ಎದುರಿಗೆ ಬಂದು ಕೂತಳು.

"ಯಾವ್ಳೋ ಕೂತ್ಕಂಡು ಪೂರಾ ಕೇಳವ್ಳೆ ಕಣೇ. ಎಲ್ಲಾ ಕೇಳಿ, ಆಮೇಲೆ ಟಿಕ್ ಹಾಕವ್ಳೆ. ಅದೆಂಗೆ ಮನಸ್ ಬಂತೋ." ಬೆರಳಿನಿಂದ ಚಾಪೆಯ ಅಂಚನ್ನು ಒತ್ತುತ್ತಾ ಕೇಳಿದಳು, "ನೀನಾಗಿದ್ರೆ ಏನ್ ಮಾಡ್ತಿದ್ದೆ?"

ನಾನು ಬಾಯಲ್ಲಿದ್ದ ತುತ್ತನ್ನು ನುಂಗಿ ಹೇಳಿದೆ, "ಬೆಲ್ ಹೊಡೀತಲ್ಲ, ಅದನ್ನ ಬರೀತಿದ್ದೆ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಊಂ, ಬುಡು" ಎಂದು ಎದ್ದು ಹೋಗಿ ಮಜ್ಜಿಗೆ ತಂದಳು.

ನನಗೆ ಹೊಳೆದದ್ದು ಬಸ್ಸಿನಲ್ಲಿ. ಕೆ.ಎಂ. ದೊಡ್ಡಿಯ ಹತ್ತಿರ ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ನಿಂತು ದಾರಿ ಕಟ್ಟಿದ್ದವು. ಬಸ್ಸು ಅರ್ಧ ಗಂಟೆ ಅಲ್ಲೇ ನಿಂತಿತು. ಕಿಟಕಿಯ ಪಕ್ಕ ಕೂತು ಅವಳು ಗುರುವಾರ ಫೋನಿನಲ್ಲಿ ಹೇಳಿದ್ದನ್ನೂ, ಆ ದಿನ ಮನೆಯಲ್ಲಿ ಹೇಳಿದ್ದನ್ನೂ ಒಂದೊಂದೇ ಮಾತಾಗಿ ನೆನಪು ಮಾಡಿಕೊಂಡೆ. ಬೆಲ್ಲಿನ ವಿಷಯವನ್ನು ಅವಳು ನನಗೆ ಹೇಳಿಯೇ ಇರಲಿಲ್ಲ. ಅದು ಗೊತ್ತಿದ್ದವರು ಮೂವರೇ: ಓದಿದವಳು, ಕೇಳಿದ ಹುಡುಗಿ, ಮತ್ತು ಟಿಕ್ ಹಾಕಿದವಳು.

ಇಳಿದು ಹಿಂದಕ್ಕೆ ಹೋಗಬಹುದಿತ್ತು. ಎದುರು ದಿಕ್ಕಿನ ಬಸ್ಸು ನಮ್ಮ ಪಕ್ಕದಲ್ಲೇ ನಿಂತಿತ್ತು. ಹೋಗಲಿಲ್ಲ. ಮನೆಗೆ ಬಂದು, ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದು, ತಿದ್ದಿ, ಮತ್ತೆ ಬರೆದೆ. ಫೋನ್ ಮಾಡಲಿಲ್ಲ.

ತಪಾಸಣೆಯ ಕೆಲಸವನ್ನು ಆ ವರ್ಷವೇ ಬಿಟ್ಟೆ. ಅದರಿಂದ ಅವಳಿಗೇನೂ ಆಗಲಿಲ್ಲ.

ಗೆಳತಿ ಜಗಳವಾಡಲಿಲ್ಲ, ಯಾರ ಹತ್ತಿರವೂ ಏನೂ ಹೇಳಿದಂತಿಲ್ಲ. ಗೌರಿ ಹಬ್ಬಕ್ಕೆ, ಸಂಕ್ರಾಂತಿಗೆ ಈಗಲೂ ಫೋನ್ ಮಾಡುತ್ತಾಳೆ. ಅತ್ತೆಯ ಮಂಡಿನೋವು, ನನ್ನ ಅಮ್ಮನ ಆರೋಗ್ಯ, ಎಲ್ಲ ಮಾತಾಡುತ್ತೇವೆ. ಕೊನೆಗೆ ಹಬ್ಬಕ್ಕೆ ಬಾ ಎಂದು ಒಂದು ಸಲ ಕರೆಯುತ್ತಾಳೆ. ಕೆಲಸವಿದೆ, ನೋಡುತ್ತೇನೆ ಎನ್ನುತ್ತೇನೆ. ಫೋನನ್ನು ಕಿವಿಯಿಂದ ತೆಗೆಯದೆ ಕಾಯುತ್ತೇನೆ. ಸರಿ ಎಂದು ಅವಳು ಫೋನ್ ಇಡುತ್ತಾಳೆ.